ಬೀರು ಹಿಂದಿನ ಗೋಡೆಯೂ ಒಂದು ಪುಟ್ಟ ಲಾಗರೂ

ಮನೆಯ ಉಷ್ಣಾಂಶ, ತೇವಾಂಶ ಅಳೆದು ಬರೆದಿಟ್ಟುಕೊಳ್ಳುವ ಲಾಗರ್ ಎಂಬ ಪುಟ್ಟ ಸಲಕರಣೆ ಬಗ್ಗೆ ಕಳೆದ ಭಾನುವಾರ ಬಸವನಗುಡಿಯಲ್ಲಿ ಒಂದು ಸಣ್ಣ ಕೂಟದಲ್ಲಿ ಮಾತಾಡಿದ್ದನ್ನು ಇಲ್ಲಿ ಬರೆದು ಹಾಕುತ್ತಿದ್ದೇನೆ. ಅಲ್ಲಿ ಪರದೆ ಮೇಲೆ ಗ್ರಾಫ್ ತೋರಿಸಿದ್ದೆ, ಇಲ್ಲಿ ಅವು ಇಲ್ಲ, ಹಾಗಾಗಿ ಕೆಲವು ಕಡೆ ಸ್ವಲ್ಪ ಜಾಸ್ತಿ ವಿವರಿಸಿದ್ದೇನೆ. ಜನ ಕೇಳಿದ ಪ್ರಶ್ನೆಗಳೂ ಕೊನೆಯಲ್ಲಿವೆ.

ನನ್ನ ಸೋದರತ್ತೆ ಮನೆ ಇರುವುದು ಶ್ರೀನಗರದಲ್ಲಿ, ಮೊದಲನೇ ಮಹಡಿ. ಮಲಗುವ ಕೋಣೆಯ ಉತ್ತರದ ಗೋಡೆಗೆ ಒತ್ತಿಕೊಂಡು ಒಂದು ಕಬ್ಬಿಣದ ಬೀರು ನಿಂತಿದೆ. ಅದರ ಹಿಂದೆ ಪ್ರತಿ ವರ್ಷ ಬೂಷ್ಟು. ಮೊದಲು ಬೂದು ಚುಕ್ಕಿ, ಆಮೇಲೆ ಕಪ್ಪು ಮಚ್ಚೆ. ಡಿಸೆಂಬರ್ ಹೊತ್ತಿಗೆ ಬಾಗಿಲು ತೆಗೆದರೆ ಒದ್ದೆ ಗೋಣಿಚೀಲದ ವಾಸನೆ. ಅತ್ತೆಯ ಮದುವೆ ಸೀರೆಗೂ ಆ ವಾಸನೆ ಹತ್ತಿತ್ತು, ಎಷ್ಟು ಸಲ ಬಿಸಿಲಿಗೆ ಹಾಕಿದರೂ ಹೋಗಲಿಲ್ಲ. ಹೊರಗಡೆಯಿಂದ ನೀರು ಇಳಿಯುತ್ತಿದೆ ಅಂತ ಒಬ್ಬ ಕಂಟ್ರಾಕ್ಟರ್ ಹೇಳಿದರು. ಹೊರಗೋಡೆಗೆಲ್ಲ ವಾಟರ್‌ಪ್ರೂಫಿಂಗ್ ಮಾಡಿಸಿದ್ದಾಯಿತು, ಮೂವತ್ತು ಸಾವಿರ ಖರ್ಚಾಯಿತು. ಮುಂದಿನ ಚಳಿಗಾಲಕ್ಕೆ ಬೂಷ್ಟು ಮತ್ತೆ ಅದೇ ಜಾಗದಲ್ಲಿ ಬಂತು.

ಅತ್ತೆ ನನಗೆ ಫೋನ್ ಮಾಡಿ, "ನೀನು ಅದೇನೋ ಅಳೀತೀಯಲ್ಲ, ಬಂದು ಇದನ್ನ ಅಳೆಯೋ" ಅಂದರು. ಮೂರು ಲಾಗರ್ ತೆಗೆದುಕೊಂಡು ಹೋದೆ. ಒಂದನ್ನು ಕರ್ಟನ್ ರಾಡಿಗೆ ದಾರದಲ್ಲಿ ಕಟ್ಟಿದೆ, ಒಂದನ್ನು ಬೀರು ಹಿಂದಿನ ಸಂದಿಗೆ ಇಳಿಬಿಟ್ಟೆ, ಇನ್ನೊಂದನ್ನು ಬಾಲ್ಕನಿಯಲ್ಲಿ ಬಿಸಿಲು ಬೀಳದ ಜಾಗದಲ್ಲಿ ನೇತುಹಾಕಿದೆ. ಮೂರು ವಾರ ಅವನ್ನು ಮುಟ್ಟಬೇಡಿ ಅಂತ ಹೇಳಿ ಬಂದೆ.

ಆ ಮೂರು ವಾರ ಕಳೆಯುವುದರೊಳಗೆ ಲಾಗರ್ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಒಳಗೆ ಉಷ್ಣಾಂಶ ಅಳೆಯುವ ಒಂದು ಸೆನ್ಸರ್, ತೇವಾಂಶ ಅಳೆಯುವ ಇನ್ನೊಂದು, ಒಂದು ಗಡಿಯಾರ, ಸ್ವಲ್ಪ ಮೆಮೊರಿ, ಒಂದು ಬಟನ್ ಬ್ಯಾಟರಿ. ನೀವು ಹೇಳಿದಷ್ಟು ಹೊತ್ತಿಗೊಮ್ಮೆ ಎದ್ದು, ಅಳೆದು, ಬರೆದುಕೊಂಡು ಮತ್ತೆ ಮಲಗುತ್ತದೆ. 10 ನಿಮಿಷಕ್ಕೊಮ್ಮೆ ಅಂದರೆ ದಿನಕ್ಕೆ 144 ದಾಖಲೆ. ತೇವಾಂಶದ ಸೆನ್ಸರಿನಲ್ಲಿ ಒಂದು ತೆಳು ಪಾಲಿಮರ್ ಪದರ ಇರುತ್ತದೆ. ಅದು ಗಾಳಿಯಲ್ಲಿನ ನೀರಿನ ಆವಿಯನ್ನು ಹೀರಿಕೊಂಡಾಗ ಅದರ ವಿದ್ಯುತ್ ಗುಣ ಸ್ವಲ್ಪ ಬದಲಾಗುತ್ತದೆ, ಆ ಬದಲಾವಣೆಯನ್ನೇ ಲಾಗರ್ ಸಂಖ್ಯೆಯಾಗಿ ಓದುತ್ತದೆ. ಕೆಲಸ ಹೊಸದಲ್ಲ. 1783ರಲ್ಲೇ ಸ್ವಿಟ್ಜರ್ಲೆಂಡಿನ ಸೊಸ್ಯೂರ್ ಎಂಬ ವಿಜ್ಞಾನಿ ಮನುಷ್ಯರ ತಲೆಗೂದಲು ತೇವಕ್ಕೆ ಉದ್ದವಾಗುತ್ತದೆ ಅನ್ನುವುದನ್ನು ಬಳಸಿಕೊಂಡು ತೇವಾಂಶ ಅಳೆಯುವ ಸಲಕರಣೆ ಮಾಡಿದ್ದ. ಮೊನ್ನೆ ಮೊನ್ನೆವರೆಗೂ ಮ್ಯೂಸಿಯಂಗಳಲ್ಲಿ ಅದೇ ಕೂದಲು, ಒಂದು ಪೆನ್ನು, ವಾರಕ್ಕೊಂದು ಸುತ್ತು ತಿರುಗುವ ಡ್ರಮ್ಮಿಗೆ ಸುತ್ತಿದ ಕಾಗದ, ಇಷ್ಟರಲ್ಲೇ ಕೆಲಸ ನಡೆಯುತ್ತಿತ್ತು. ಸೋಮವಾರ ಸೋಮವಾರ ಯಾರಾದರೂ ಕಾಗದ ಬದಲಾಯಿಸಿ ಗಡಿಯಾರಕ್ಕೆ ಕೀ ಕೊಡಬೇಕಿತ್ತು. ಅವರ ಶ್ರದ್ಧೆ ನೆನೆದರೆ ನನಗೆ ನಿಜವಾಗಿಯೂ ಗೌರವ ಬರುತ್ತದೆ.

ಗೋಡೆಗೆ ನೇತುಹಾಕುವ ಸಾದಾ ಮೀಟರ್ ಸಾಕಲ್ವಾ ಅಂತ ಬಹಳ ಜನ ಕೇಳುತ್ತಾರೆ. ಸಾಲದು. ಯಾಕೆಂದರೆ ನಾವು ನೋಡುವುದು ನಾವು ಎಚ್ಚರ ಇದ್ದಾಗ, ಅದೂ ನೆನಪಾದಾಗ. ಮನೆ ಹಾಳಾಗುವುದು ಬೆಳಗಿನ ಜಾವ 4 ಗಂಟೆಗೆ. ನಾವು ಊರಿಗೆ ಹೋಗಿ ಬೀಗ ಹಾಕಿದ ವಾರದಲ್ಲಿ.

ಈಗ ಸ್ವಲ್ಪ ಕಷ್ಟದ ವಿಷಯ. ಆದರೆ ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಮೀಟರ್ ತೋರಿಸುವ ಶೇಕಡ ಅಂದರೆ ಸಾಪೇಕ್ಷ ತೇವಾಂಶ. ಗಾಳಿಯಲ್ಲಿ ಇಷ್ಟು ನೀರಿದೆ ಅಂತ ಅದರ ಅರ್ಥ ಅಲ್ಲ. ಈ ಉಷ್ಣಾಂಶದಲ್ಲಿ ಈ ಗಾಳಿ ಎಷ್ಟು ನೀರನ್ನು ಹಿಡಿದುಕೊಳ್ಳಬಹುದೋ ಅದರಲ್ಲಿ ಎಷ್ಟು ಪಾಲು ಇದೆ ಅಂತ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಾವಿ ಹಿಡಿಯುತ್ತದೆ. 30 ಡಿಗ್ರಿಯಲ್ಲಿ 30 ಗ್ರಾಂ. ಪಾತ್ರೆ ದೊಡ್ಡದಾಯಿತು ಅಂದುಕೊಳ್ಳಿ. ಹಾಗಾಗಿ ಬೆಳಗ್ಗೆ 20 ಡಿಗ್ರಿ, 70 ಶೇಕಡ ಇದ್ದ ಕೋಣೆ ಮಧ್ಯಾಹ್ನ 30 ಡಿಗ್ರಿಗೆ ಕಾದರೆ, ಒಂದು ಹನಿ ನೀರು ಹೊರಗೆ ಹೋಗದಿದ್ದರೂ ಮೀಟರ್ 39 ಶೇಕಡ ತೋರಿಸುತ್ತದೆ. ಕೋಣೆ ಒಣಗಿತು ಅಂತ ನಾವು ಅಂದುಕೊಳ್ಳುತ್ತೇವೆ. ಒಣಗಿಲ್ಲ. ರಾತ್ರಿ ತಣ್ಣಗಾದಾಗ ಆ ನೀರೆಲ್ಲ ಅಲ್ಲೇ ಇರುತ್ತದೆ.

ಅದಕ್ಕೇ ಇಬ್ಬನಿ ಬಿಂದು ನೋಡಬೇಕು ಅನ್ನುವುದು. ಗಾಳಿಯನ್ನು ಎಷ್ಟು ಡಿಗ್ರಿಗೆ ತಣಿಸಿದರೆ ನೀರು ಹನಿಯಾಗಿ ಇಳಿಯುತ್ತದೋ ಅದು ಇಬ್ಬನಿ ಬಿಂದು. ಫ್ರಿಜ್ಜಿನಿಂದ ತೆಗೆದ ಸ್ಟೀಲ್ ಚೊಂಬು ಬೆವರುತ್ತದಲ್ಲ, ಅದೇ. ಚೊಂಬಿನ ಮೈ ಕೋಣೆಯ ಇಬ್ಬನಿ ಬಿಂದುವಿಗಿಂತ ತಣ್ಣಗಿದೆ ಅಂತ ಅರ್ಥ. ಬಹಳಷ್ಟು ಲಾಗರ್‌ಗಳ ಆ್ಯಪ್ ಇದನ್ನು ತಾನೇ ಲೆಕ್ಕ ಹಾಕಿ ಕೊಡುತ್ತದೆ.

ಕೂಟದಲ್ಲಿ ಇದನ್ನು ಅಲ್ಲೇ ತೋರಿಸಿದೆ. ಮಾತು ಶುರುವಾಗುವ ಮೊದಲು ಮೇಜಿನ ಮೇಲೆ ಒಂದು ಲಾಗರ್ ಇಟ್ಟಿದ್ದೆ. ಆಗ 26.1 ಡಿಗ್ರಿ, 58 ಶೇಕಡ. ನಲವತ್ತು ಜನ ಮುಕ್ಕಾಲು ಗಂಟೆ ಕೂತ ಮೇಲೆ 27.4 ಡಿಗ್ರಿ, 62 ಶೇಕಡ. ಬರೀ 4 ಶೇಕಡ ತಾನೇ ಅನ್ನಿಸುತ್ತದೆ. ಆದರೆ ಇಬ್ಬನಿ ಬಿಂದು 17.2ರಿಂದ 19.5ಕ್ಕೆ ಏರಿತ್ತು. ಅಂದರೆ ಪ್ರತಿ ಘನ ಮೀಟರಿಗೆ ಸುಮಾರು 2 ಗ್ರಾಂ ನೀರು ಹೊಸದಾಗಿ ಸೇರಿದೆ. ಎಲ್ಲ ನಮ್ಮ ಉಸಿರು, ಬೆವರು. ಬಿಸಿಯೂ ಜೊತೆಗೆ ಏರಿದ್ದರಿಂದ ಶೇಕಡದಲ್ಲಿ ಅದು ಅಡಗಿಕೊಂಡಿತ್ತು. ಹಿಂದಿನ ಸಾಲಿನವರೊಬ್ಬರು ಎದ್ದು ಹೋಗಿ ಎರಡು ಕಿಟಕಿ ತೆಗೆದರು.

ಸರಿ, ಅತ್ತೆ ಮನೆಗೆ ವಾಪಸ್ ಬರೋಣ.

ಮೂರು ವಾರದ ಗ್ರಾಫ್ ತೆರೆದಾಗ ಮೊದಲು ಕಂಡದ್ದು ಬೆಳಗಿನ ಹೊತ್ತು ಮುಳ್ಳಿನ ಹಾಗೆ ಎದ್ದು ನಿಂತ ಗೆರೆ. ದಿನಾ 6 ಗಂಟೆ ದಾಟಿದ ಮೇಲೆ ಕೋಣೆಯ ತೇವಾಂಶ 65ರಿಂದ 88ಕ್ಕೆ ನೆಟ್ಟಗೆ ಏರುತ್ತದೆ. ಕಾರಣ ಸ್ನಾನ, ಅದು ಹೇಗೆ ಗೊತ್ತಾಯಿತು ಅಂತ ಆಮೇಲೆ ಹೇಳುತ್ತೇನೆ. ಉಷ್ಣಾಂಶ ಸುಮಾರು 21. ಲೆಕ್ಕ ಹಾಕಿದರೆ ಇಬ್ಬನಿ ಬಿಂದು 14ರಿಂದ ಹೆಚ್ಚುಕಡಿಮೆ 19ಕ್ಕೆ ಹೋಗಿದೆ. ಬೀರು ಹಿಂದಿನ ಲಾಗರ್ ಆ ಹೊತ್ತಿಗೆ ತೋರಿಸುತ್ತಿದ್ದದ್ದು 17.5 ಡಿಗ್ರಿ. ಗೋಡೆ ಆ ಚೊಂಬಿನ ಹಾಗೆ ಬೆವರುತ್ತಿತ್ತು! 9 ಗಂಟೆ ಹೊತ್ತಿಗೆ ಕೋಣೆ ನಡುವೆ ತೇವಾಂಶ 70ಕ್ಕೆ ಇಳಿದರೂ ಬೀರು ಹಿಂದೆ ಗಾಳಿ ಆಡದ ಕಾರಣ ಮಧ್ಯಾಹ್ನದವರೆಗೆ 90ರ ಮೇಲೆಯೇ ನಿಂತಿರುತ್ತಿತ್ತು. ಇನ್ನೊಂದು ವಿಷಯ, ಯಾರೂ ಸ್ನಾನ ಮಾಡದ ಹೊತ್ತಿನಲ್ಲೂ ಆ ಗೋಡೆ ಕ್ಷೇಮವಾಗಿರಲಿಲ್ಲ. 21 ಡಿಗ್ರಿಯ 65 ಶೇಕಡದ ಗಾಳಿ 17.5 ಡಿಗ್ರಿಯ ಗೋಡೆಗೆ ತಾಗಿದಾಗ ಅಲ್ಲಿ ಅದು 81 ಶೇಕಡ ಆಗುತ್ತದೆ. ಗೋಡೆ ಮೈಯಲ್ಲಿ 80 ಶೇಕಡ ದಿನಗಟ್ಟಲೆ ನಿಂತರೆ ಸಾಕು, ಬೂಷ್ಟಿಗೆ ಹನಿ ನೀರೇ ಬೇಕಿಲ್ಲ.

ಸ್ನಾನ ಅಂತ ಹೇಗೆ ಗೊತ್ತಾಯಿತು? ಭಾನುವಾರಗಳಿಂದ. ಭಾನುವಾರ ಆ ಮುಳ್ಳು 6ಕ್ಕೆ ಬರದೆ 8 ಗಂಟೆ ಮೇಲೆ ಬರುತ್ತಿತ್ತು. ಹೊರಗಿನಿಂದ ಸೋರುವ ನೀರಿಗೆ ವಾರ ಗೊತ್ತಾಗುತ್ತದಾ? ಆ ಮೂರು ವಾರ ಮಳೆಯೂ ಬಂದಿರಲಿಲ್ಲ. ಹೋಗಿ ನೋಡಿದರೆ ಕೋಣೆಗೆ ಅಂಟಿಕೊಂಡ ಬಚ್ಚಲುಮನೆ, ಅದರ ವೆಂಟಿಲೇಟರಿಗೆ ರಟ್ಟು ಕಟ್ಟಿದ್ದಾರೆ. ಪಾರಿವಾಳದ ಕಾಟಕ್ಕೆ. ಸೊಳ್ಳೆ ಅಂತ ಕಿಟಕಿಯೂ ಮುಚ್ಚಿದೆ. ಬಿಸಿನೀರಿನ ಹಬೆಗೆ ಹೋಗಲು ಇದ್ದ ದಾರಿ ಒಂದೇ, ಮಲಗುವ ಕೋಣೆ. ಅಲ್ಲಿ ಅತ್ಯಂತ ತಣ್ಣನೆಯ ಜಾಗ ಬೀರು ಹಿಂದಿನ ಗೋಡೆ.

ರಟ್ಟು ತೆಗೆದು ಜಾಲರಿ ಹೊಡೆಸಿ, ಒಂದು ಸಣ್ಣ ಎಕ್ಸಾಸ್ಟ್ ಫ್ಯಾನ್ ಕೂರಿಸಿದೆವು. ಸ್ನಾನ ಆದ ಮೇಲೆ 20 ನಿಮಿಷ ಫ್ಯಾನ್ ಓಡಲಿ, ಬಚ್ಚಲ ಬಾಗಿಲು ಮುಚ್ಚಿರಲಿ ಅಂತ ಎಲ್ಲರಿಗೂ ಹೇಳಿದ್ದಾಯಿತು. ಬೀರನ್ನು ಗೋಡೆಯಿಂದ ನಾಲ್ಕು ಇಂಚು ಮುಂದಕ್ಕೆ ಎಳೆದೆವು. ಗೋಡೆ ಒರೆಸಿ ಒಣಗಿಸಿದೆವು. ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಎರಡು ಚಳಿಗಾಲ ಕಳೆದಿವೆ, ಬೂಷ್ಟು ಬಂದಿಲ್ಲ. ಸೀರೆಯ ವಾಸನೆ ಮಾತ್ರ ಪೂರ್ತಿ ಹೋಗಿಲ್ಲ, ಅದು ನನಗೆ ಈಗಲೂ ಬೇಜಾರು. ಮೊದಲೇ ಅಳೆದಿದ್ದರೆ ಅದೂ ಉಳಿಯುತ್ತಿತ್ತು, ಆ ಮೂವತ್ತು ಸಾವಿರವೂ ಉಳಿಯುತ್ತಿತ್ತು.

ನಾನು ಎಲ್ಲರಿಗೂ ಕೇಳಿಕೊಳ್ಳುವುದು ಇಷ್ಟೇ: ದುಡ್ಡು ಖರ್ಚು ಮಾಡುವ ಮೊದಲು ಎರಡು ಮೂರು ವಾರ ಅಳೆಯಿರಿ. ಬಣ್ಣ, ಎ.ಸಿ., ವಾಟರ್‌ಪ್ರೂಫಿಂಗ್, ಏನೇ ಇರಲಿ.

ಬಿಸಿಲಿನ ಕಥೆಯೂ ಹಾಗೇ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ಸೆಕೆ ಏನು ಮಹಾ ಅನ್ನುತ್ತಿದ್ದ ಕಾಲ ಹೋಯಿತು. 2016ರ ಏಪ್ರಿಲ್‌ನಲ್ಲಿ ಊರಿನ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಆದರೆ ಮೇಲಿನ ಮಹಡಿಯಲ್ಲಿ ಇರುವವರಿಗೆ ಕಷ್ಟ ಮಧ್ಯಾಹ್ನಕ್ಕಿಂತ ರಾತ್ರಿಯದು. ಗಿರಿನಗರದಲ್ಲಿ ಗೆಳೆಯನೊಬ್ಬನ ಮನೆ, ನೇರ ತಾರಸಿ ಕೆಳಗೆ. ಏಪ್ರಿಲ್‌ನಲ್ಲಿ ಹೊರಗೆ ಬಿಸಿ ಹೆಚ್ಚು ಇದ್ದದ್ದು ಮಧ್ಯಾಹ್ನ 3ಕ್ಕೆ. ಅವನ ಚಾವಣಿಯ ಒಳಮೈ ಅತಿ ಹೆಚ್ಚು ಕಾದದ್ದು ಸಂಜೆ 6 ಗಂಟೆ ದಾಟಿದ ಮೇಲೆ. ಬಿಸಿಲು ಕಾಂಕ್ರೀಟಿನ ಮೇಲ್ಮೈಯನ್ನು 50 ಡಿಗ್ರಿಗಿಂತ ಮೇಲೆ ಕಾಯಿಸುತ್ತದೆ, ಆ ಬಿಸಿ ಐದು ಇಂಚು ಸ್ಲ್ಯಾಬ್ ಒಳಗೆ ನಿಧಾನವಾಗಿ ಇಳಿದು ಕೆಳಗೆ ಬರಲು ಅಷ್ಟು ಹೊತ್ತು ಬೇಕು. ರಾತ್ರಿ 11ಕ್ಕೆ ಹೊರಗೆ 25, ಕೋಣೆಯಲ್ಲಿ 31. ಅವನು ಮಾಡುತ್ತಿದ್ದದ್ದು ಏನೆಂದರೆ ಹಗಲೆಲ್ಲ ಗಾಳಿ ಬರಲಿ ಅಂತ ಕಿಟಕಿ ತೆರೆದಿಟ್ಟು, ರಾತ್ರಿ ಸೊಳ್ಳೆಗೆ ಹೆದರಿ ಮುಚ್ಚುತ್ತಿದ್ದ. ಗ್ರಾಫಿನಲ್ಲಿ ಒಳಗಿನ ಗೆರೆ, ಹೊರಗಿನ ಗೆರೆ ಎರಡೂ ದಾಟಿಕೊಳ್ಳುವ ಹೊತ್ತು ಸಂಜೆ 6:30 ಅಂತ ಕಂಡಿತು. ಆ ಹೊತ್ತಿಗೆ ತೆಗೆಯಬೇಕು, ಬೆಳಗ್ಗೆ 9ರ ಒಳಗೆ ಮುಚ್ಚಬೇಕು. ಕಿಟಕಿಗೆ ಸೊಳ್ಳೆ ಪರದೆ ಹಾಕಿಸಿ, ತಾರಸಿಗೆ ಬಿಳಿ ಬಣ್ಣ ಹೊಡೆಸಿದ. ರಾತ್ರಿ ಕೋಣೆಯ ಉಷ್ಣಾಂಶ 3 ಡಿಗ್ರಿ ಇಳಿಯಿತು. ಎ.ಸಿ. ತರುವ ಯೋಚನೆ ಬಿಟ್ಟ.

ಚಾಮರಾಜಪೇಟೆಯಲ್ಲಿ ಪರಿಚಿತರ ಹಳೇ ಮನೆಯಲ್ಲೂ ಅದೇ ತಿಂಗಳು ಒಂದು ಲಾಗರ್ ಇಟ್ಟಿದ್ದೆ. ಸೈಜುಗಲ್ಲಿನ ದಪ್ಪ ಗೋಡೆ, ಮರದ ತೊಲೆಗಳ ಮೇಲೆ ಇಟ್ಟಿಗೆ, ಗಾರೆ ಹಾಕಿದ ಎತ್ತರದ ಮದ್ರಾಸ್ ತಾರಸಿ, ಗೋಡೆಯ ಮೇಲ್ಭಾಗದಲ್ಲಿ ಗವಾಕ್ಷಿ. ಹೊರಗೆ ಹಗಲು ರಾತ್ರಿಗೆ 13 ಡಿಗ್ರಿ ವ್ಯತ್ಯಾಸ ಇದ್ದ ದಿನ ಒಳಗೆ ಬರೀ 3 ಡಿಗ್ರಿ. ಆ ಗೆರೆ ನೋಡಿದರೆ ಯಾರೋ ಸ್ಕೇಲ್ ಇಟ್ಟು ಎಳೆದ ಹಾಗಿತ್ತು. 1898ರ ಪ್ಲೇಗ್ ನಂತರ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬಂದಾಗ ಗಾಳಿ ಬೆಳಕು ಅನ್ನುವುದು ಜೀವದ ಪ್ರಶ್ನೆಯಾಗಿತ್ತು. ಅಂಥ ಮನೆ ಒಡೆಯುವ ಮೊದಲು ದಯವಿಟ್ಟು ಒಂದು ವರ್ಷದ ದಾಖಲೆಯನ್ನಾದರೂ ಇಟ್ಟುಕೊಳ್ಳಿ. ಇಲ್ಲೇ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿನ ಮನೆ ತಂಪು ಅನ್ನುವ ಮಾತನ್ನು ಈಗ ನೀವೇ ನಿಮ್ಮ ಮನೆಯಲ್ಲಿ ಅಳೆದು ನೋಡಬಹುದು.

ಲಾಗರ್ ಎಲ್ಲಿ ಇಡಬೇಕು ಅನ್ನುವುದರಲ್ಲಿ ಜನ ಜಾಸ್ತಿ ತಪ್ಪುತ್ತಾರೆ. ಬಿಸಿಲು ತಾಗಬಾರದು, ಒಂದು ಗಂಟೆ ತಾಗಿದರೂ ಅದು ಗಾಳಿಯನ್ನಲ್ಲ, ತನ್ನ ಡಬ್ಬಿಯ ಬಿಸಿಯನ್ನು ಅಳೆಯುತ್ತದೆ. ಫ್ರಿಜ್ ಹಿಂದೆ, ಟಿ.ವಿ. ಮೇಲೆ, ಒಲೆ ಪಕ್ಕ ಬೇಡ. ಕೂತಾಗ ಎದೆ ಮಟ್ಟ, ನಿಂತಾಗ ಸೊಂಟದ ಮಟ್ಟ, ಅಷ್ಟು ಎತ್ತರ ಸಾಕು. ಹೊರಗೆ ಇಡುವುದಾದರೆ ನೆರಳೂ ಬೇಕು, ಗಾಳಿಯೂ ಆಡಬೇಕು. ಹವಾಮಾನ ಕೇಂದ್ರಗಳಲ್ಲಿ ಬಿಳಿ ಬಣ್ಣದ, ಪಟ್ಟಿ ಪಟ್ಟಿ ಗೋಡೆಯ ಮರದ ಪೆಟ್ಟಿಗೆ ನೋಡಿರುತ್ತೀರಿ, ಅದು ಇರುವುದೇ ಇದಕ್ಕೆ. ದೇವರಮನೆಯಲ್ಲಿ ಇಡುವುದಾದರೆ ಊದುಬತ್ತಿ, ಧೂಪದ ಹೊಗೆಯಿಂದ ದೂರ ಇಡಿ, ಮಸಿ ಕೂತರೆ ತೇವಾಂಶದ ಸೆನ್ಸರ್ ಕೆಡುತ್ತದೆ. ಹೊಸ ಬಣ್ಣ, ವಾರ್ನಿಷ್ ವಾಸನೆ ಇರುವ ಕೋಣೆಯೂ ಒಳ್ಳೆಯದಲ್ಲ.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಮಳೆ ಬಂತು, ಕರೆಂಟ್ ಹೋಯಿತು, ನೆಂಟರು ಬಂದರು, ಒಳಗೆ ಬಟ್ಟೆ ಒಣಗಿಸಿದೆವು. ಇಷ್ಟು ಬರೆದಿದ್ದರೆ ಸಾಕು, ಗ್ರಾಫ್ ಮಾತಾಡಲು ಶುರು ಮಾಡುತ್ತದೆ. ಬಟ್ಟೆ ವಿಷಯಕ್ಕೆ ಬಂದರೆ, ಮಳೆಗಾಲದಲ್ಲಿ ಒಂದು ಬಕೆಟ್ ಒದ್ದೆ ಬಟ್ಟೆಯಿಂದ ಒಂದೆರಡು ಲೀಟರ್ ನೀರು ಗಾಳಿಗೆ ಸೇರಬೇಕು. ಹತ್ತಡಿ ಹನ್ನೆರಡಡಿ ಕೋಣೆ, ಹತ್ತಡಿ ಎತ್ತರ, 23 ಡಿಗ್ರಿ ಅಂತ ಇಟ್ಟುಕೊಂಡರೆ ಆ ಕೋಣೆಯ ಗಾಳಿಯೆಲ್ಲ ಸೇರಿ ಹಿಡಿಯಬಲ್ಲದ್ದು ಮುಕ್ಕಾಲು ಲೀಟರಿಗಿಂತ ಕಡಿಮೆ. ಉಳಿದ ನೀರು ಗೋಡೆಗೆ, ಹಾಸಿಗೆಗೆ, ಪುಸ್ತಕಕ್ಕೆ ಹೋಗುತ್ತದೆ. ಈ ಲೆಕ್ಕ ಹೇಳಿದಾಗ ಮುಂದೆ ಕೂತಿದ್ದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಗಡಿಯಾರವನ್ನೂ ನೋಡಿಕೊಳ್ಳಿ. ಒಮ್ಮೆ ನನ್ನ ಗ್ರಾಫಿನಲ್ಲಿ ಹೊರಗಿನ ಬಿಸಿ ಬೆಳಗ್ಗೆ 9:30ಕ್ಕೆ ಅತಿ ಹೆಚ್ಚು ಅಂತ ಬಂತು. ನಮ್ಮ ಸಮಯದ ಬದಲು ಗ್ರೀನ್‌ವಿಚ್ ಸಮಯ ಹಾಕಿಕೊಂಡಿತ್ತು, ಐದೂವರೆ ಗಂಟೆ ಹಿಂದೆ.

ಲಾಗರ್ ನಿಜ ಹೇಳುತ್ತಿದೆಯಾ ಅಂತ ತಿಳಿಯಲು ಅಡಿಗೆಮನೆಯ ಉಪ್ಪು ಸಾಕು. ಬಾಟಲಿ ಮುಚ್ಚಳದಲ್ಲಿ ಪುಡಿ ಉಪ್ಪು ಹಾಕಿ, ಹನಿ ಹನಿ ನೀರು ಬಿಟ್ಟು ಒದ್ದೆ ಮರಳಿನ ಹಾಗೆ ಮಾಡಿ. ಕರಗಿಹೋಗಬಾರದು. ಅದನ್ನೂ ಲಾಗರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟು ಮುಚ್ಚಿ, ಉಪ್ಪು ಲಾಗರಿಗೆ ತಾಗದ ಹಾಗೆ ನೋಡಿಕೊಂಡು, ಒಂದು ದಿನ ಕೋಣೆಯ ನೆರಳಿನಲ್ಲಿ ಬಿಡಿ. ಒಳಗಿನ ಗಾಳಿ 75 ಶೇಕಡಕ್ಕೆ ಬಂದು ನಿಲ್ಲುತ್ತದೆ. ನಿಮ್ಮ ಲಾಗರ್ 79 ತೋರಿಸಿದರೆ ಆ ಮಟ್ಟದಲ್ಲಿ ಅದು 4 ಜಾಸ್ತಿ ಹೇಳುತ್ತದೆ ಅಂತ ಬರೆದಿಟ್ಟುಕೊಳ್ಳಿ. ವರ್ಷಕ್ಕೊಮ್ಮೆ ಮಾಡಿದರೆ ಒಳ್ಳೆಯದು, ಈ ಸೆನ್ಸರ್‌ಗಳು ನಿಧಾನವಾಗಿ ದಾರಿ ತಪ್ಪುತ್ತವೆ.

ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಬಿಡಿ ಭಾಗ ತಂದು ತಾವೇ ಲಾಗರ್ ಜೋಡಿಸಿಕೊಳ್ಳುವ ಹುಡುಗರು ಕೂಟದಲ್ಲಿ ನಾಲ್ಕೈದು ಜನ ಇದ್ದರು, ತುಂಬ ಖುಷಿಯಾಯಿತು. ಅವರಿಗೆ ಒಂದೇ ಮಾತು ಹೇಳಿದೆ. ವೈಫೈ ಬೋರ್ಡ್ ತಾನೇ ಬಿಸಿಯಾಗುತ್ತದೆ. ಅದರ ಪಕ್ಕದಲ್ಲೇ ಸೆನ್ಸರ್ ಇಟ್ಟು ಡಬ್ಬಿ ಮುಚ್ಚಿದರೆ 25 ಡಿಗ್ರಿಯ ಕೋಣೆ 27 ಅಂತ ಕಾಣುತ್ತದೆ, 60 ಶೇಕಡ 53 ಆಗುತ್ತದೆ. ಸೆನ್ಸರನ್ನು ಗೇಣುದ್ದ ವೈರಿನಲ್ಲಿ ಹೊರಗೆ ತನ್ನಿ, ಒಂದು ಅಳತೆಗೂ ಮುಂದಿನದಕ್ಕೂ ನಡುವೆ ಬೋರ್ಡ್ ಕೆಲಸ ನಿಲ್ಲಿಸಿ ಮಲಗಿರುವ ಹಾಗೆ ಮಾಡಿ.

ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬ ನಿವೃತ್ತ ಮೇಷ್ಟ್ರದು. ಅವರ ಬಳಿ ತಾತನ ಕಾಲದ ತಾಳೆಗರಿ ಕಟ್ಟುಗಳಿವೆ. ಆ ಕೋಣೆಗೆ ಎ.ಸಿ. ಹಾಕಿಸಲಾ ಅಂತ ಕೇಳಿದರು. ಹಗಲು ಎ.ಸಿ. ಹಾಕಿ ರಾತ್ರಿ ಆರಿಸುವುದಾದರೆ ಖಂಡಿತ ಬೇಡ ಅಂದೆ. ಗರಿ ತೇವ ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ, ದಿನಾ ಹೀಗಾದರೆ ಬಿರುಕು ಬಿಡುತ್ತದೆ. ಎ.ಸಿ. ಆರಿಸಿದ ಮೇಲೆ ಹೊರಗಿನ ತೇವದ ಗಾಳಿ ತಣ್ಣಗಿರುವ ಕಟ್ಟಿನ ಮೇಲೆ ಕೂರುವುದೂ ಉಂಟು. ಮರದ ಹಲಗೆ ನಡುವೆ ಕಟ್ಟಿ ಬಟ್ಟೆ ಸುತ್ತಿಡುವ ಹಳೇ ಪದ್ಧತಿಯೇ ಈ ಏರಿಳಿತವನ್ನು ತಗ್ಗಿಸುತ್ತದೆ. ಬಟ್ಟೆಯ ಒಳಗೆ ಒಂದು, ಕೋಣೆಯಲ್ಲಿ ಒಂದು ಲಾಗರ್ ಇಟ್ಟು ಮಳೆಗಾಲ ಪೂರ್ತಿ ನೋಡಿ. ಒಳಗೆ 65 ಶೇಕಡ ದಾಟಿ ನಿಲ್ಲದಿದ್ದರೆ ಏನನ್ನೂ ಬದಲಾಯಿಸಬೇಡಿ ಅಂತ ಹೇಳಿದೆ.

ಬೆಲೆ ಎಷ್ಟು ಅಂತ ಕೇಳಿದರು. ಮನೆಗೆ ಸಾಕಾಗುವಂಥದ್ದು ಒಂದೆರಡು ಸಾವಿರಕ್ಕೆ ಸಿಗುತ್ತದೆ. ದುಬಾರಿಯ ಒಂದಕ್ಕಿಂತ ಸಾಧಾರಣದ ಮೂರು ಒಳ್ಳೆಯದು, ಯಾಕೆಂದರೆ ಉತ್ತರ ಸಿಗುವುದು ಎರಡು ಜಾಗ ಹೋಲಿಸಿದಾಗ. ಹೊರಗೆ ಒಂದು ಇರಲೇಬೇಕು.

ಕೊನೆಗೆ ಒಬ್ಬ ಹುಡುಗಿ ಕೇಳಿದಳು. ಬಾಡಿಗೆ ಮನೆ, ಗೋಡೆ ಒಂದು ಕಡೆ ಸದಾ ಹಸಿ, ಮನೆ ಓನರ್ "ನೀವು ಕಿಟಕಿ ತೆಗೆಯಲ್ಲ, ಅದಕ್ಕೇ ಹಾಗಾಗುತ್ತೆ" ಅನ್ನುತ್ತಾರಂತೆ. ಮೊಳೆ ಹೊಡೆಯಲೂ ಬಿಡುವುದಿಲ್ಲ. ಮೊಳೆ ಬೇಡ, ದಾರ ಸಾಕು ಅಂದೆ. ಎರಡು ವಾರ ಅಳೆದು ನೋಡು. ಅಡಿಗೆ, ಸ್ನಾನದ ಹೊತ್ತಿಗೆ ಏರಿ ಆಮೇಲೆ ಇಳಿಯುತ್ತಿದ್ದರೆ ಓನರ್ ಮಾತಿನಲ್ಲೂ ಹುರುಳಿದೆ. ನೀವೆಲ್ಲ ಊರಿಗೆ ಹೋಗಿ ಮನೆ ಖಾಲಿ ಇದ್ದಾಗಲೂ ಆ ಗೋಡೆ ಪಕ್ಕ ಇಬ್ಬನಿ ಬಿಂದು ಕೋಣೆಯ ನಡುವಿಗಿಂತ ಮೇಲೆಯೇ ಇದ್ದರೆ ನೀರು ಗೋಡೆಯಿಂದಲೇ ಬರುತ್ತಿರುವ ಸಾಧ್ಯತೆ ಹೆಚ್ಚು, ಆಗ ಪೈಪ್ ನೋಡಿಸಲೇಬೇಕು. ಹಬ್ಬಕ್ಕೆ ನಾಲ್ಕು ದಿನ ಹಾಸನಕ್ಕೆ ಹೋಗುತ್ತಿದ್ದಾಳಂತೆ. ನನ್ನ ಚೀಲದಲ್ಲಿದ್ದ ಎರಡು ಲಾಗರ್ ಕೊಟ್ಟು ಕಳಿಸಿದೆ. ಒಂದು ಗೋಡೆ ಪಕ್ಕಕ್ಕೆ, ಒಂದು ಕೋಣೆ ನಡುವಿಗೆ.